ನಮ್ಮ ಮಗನ ಚಲನ ಬೆಳವಣಿಗೆಯ ತಪಾಸಣೆ: ಅಂಗನವಾಡಿಯಿಂದ ಎಂಆರ್‌ಐವರೆಗೆ

ನನ್ನ ಮಗನಿಗೆ ಈಗ ಒಂದು ವರ್ಷ ಹತ್ತು ತಿಂಗಳು. ಅವನ ಕೈಕಾಲುಗಳ ಬೆಳವಣಿಗೆ ಸರಿಯಾಗಿ ಆಗುತ್ತಿದೆಯೇ ಎಂದು ತಿಳಿಯಲು ಹದಿನಾಲ್ಕನೇ ತಿಂಗಳಲ್ಲಿ ಶುರು ಮಾಡಿದ ಓಡಾಟ ಈಗ ಒಂದು ಹಂತಕ್ಕೆ ಬಂದಿದೆ. ಯಾರನ್ನು ಕೇಳಬೇಕು, ಯಾವ ಕಾಗದ ಒಯ್ಯಬೇಕು, ಒಳಗೆ ಕರೆದುಕೊಂಡು ಹೋಗಿ ಮಗುವಿಗೆ ಏನು ಮಾಡುತ್ತಾರೆ, ಇದ್ಯಾವುದನ್ನೂ ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳಿದವರು ನನಗೆ ಮೊದಲು ಸಿಗಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂತ ತಾಯಂದಿರ ಮಾತೇ ನನಗೆ ದಾರಿ ತೋರಿಸಿದ್ದು. ಮುಂದೆ ಹೋಗುವವರಿಗೆ ಅದು ಮನೆಯಲ್ಲೇ ಸಿಗಲಿ ಎಂದು ಬರೆಯುತ್ತಿದ್ದೇನೆ. ನಾನು ವೈದ್ಯಳಲ್ಲ, ನಮ್ಮ ಮಗುವಿಗೆ ಆದದ್ದನ್ನಷ್ಟೇ ಹೇಳಬಲ್ಲೆ.

ಅವನು 32 ವಾರಕ್ಕೇ ಹುಟ್ಟಿದವನು. ತೂಕ ಒಂದು ಕೆಜಿ ಆರುನೂರು ಗ್ರಾಂ. ಉಸಿರಾಟಕ್ಕೆ ಆಸರೆ ಬೇಕಾಗಿತ್ತು, ಕಾಮಾಲೆಯೂ ಬಂತು, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ವಾರಗಟ್ಟಲೆ ಇದ್ದು ಮನೆಗೆ ಬಂದ. ಆಮೇಲೆ ಚೆನ್ನಾಗಿಯೇ ಹಾಲು ಕುಡಿದ, ತೂಕ ಹಿಡಿದ, ನನ್ನ ದನಿ ಕೇಳಿದರೆ ತಿರುಗಿ ನಗುತ್ತಿದ್ದ. ಕತ್ತು ನಿಂತದ್ದು, ಬೋರಲು ಬಿದ್ದದ್ದು ತಡವಾದಾಗ ಮಕ್ಕಳ ಡಾಕ್ಟರು ಲೆಕ್ಕ ಹೇಳಿಕೊಟ್ಟರು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಯಸ್ಸನ್ನು ಎರಡು ವರ್ಷದವರೆಗೆ ತಿದ್ದಿ ನೋಡಬೇಕು. 40 ವಾರದಲ್ಲಿ 32 ಕಳೆದರೆ ಎಂಟು ವಾರ. ಹಾಗಾಗಿ ಕ್ಯಾಲೆಂಡರಿನಲ್ಲಿ ಹತ್ತು ತಿಂಗಳಾದಾಗ ಅವನನ್ನು ಎಂಟು ತಿಂಗಳ ಮಗುವಿನ ಜತೆ ಹೋಲಿಸಬೇಕು. ನಿಮ್ಮ ಮಗುವೂ ಹೀಗೆ ಮುಂಚೆ ಹುಟ್ಟಿದ್ದರೆ ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿಗೆ ಪಿನ್ ಮಾಡಿಡಿ. ಹೋದ ಪ್ರತಿ ಕೋಣೆಯಲ್ಲೂ ಮೊದಲು ಕೇಳಿದ್ದು ಇದನ್ನೇ.

ಹಾಗೆ ತಿದ್ದಿ ನೋಡಿದರೆ ಅಂಬೆಗಾಲು, ನಡಿಗೆಯ ಮಟ್ಟಿಗೆ ನಮ್ಮ ಮಗ ಪಟ್ಟಿಯಲ್ಲಿ ಅಂಥ ಹಿಂದೇನೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಪಟ್ಟಿಯಿದೆ. ಆಸರೆಯಿಲ್ಲದೆ ಕೂರುವುದಕ್ಕೆ 3.8ರಿಂದ 9.2 ತಿಂಗಳು, ಅಂಬೆಗಾಲಿಡುವುದಕ್ಕೆ 5.2ರಿಂದ 13.5 ತಿಂಗಳು, ತಾನಾಗಿ ನಡೆಯುವುದಕ್ಕೆ 8.2ರಿಂದ 17.6 ತಿಂಗಳು ಎಂದು ಅದರಲ್ಲಿ ಕೊಟ್ಟಿದ್ದಾರೆ. ಅಷ್ಟು ವಿಶಾಲವಾದ ಅವಧಿ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡದೆ ಮುಂದಿನ ಹಂತಕ್ಕೆ ಹೋಗುತ್ತಾರೆ ಎಂಬುದೂ ಆ ಅಧ್ಯಯನದಲ್ಲೇ ಕಂಡಿದ್ದು. ನಡಿಗೆಯ ತಿಂಗಳ ಲೆಕ್ಕ ಮಾತ್ರ ನೋಡಿದ್ದರೆ ಇನ್ನೂ ಕಾಯಬಹುದಿತ್ತು.

ನನ್ನನ್ನು ಕಾಡಿದ್ದು ಅವನು ಮಾಡುತ್ತಿದ್ದ ರೀತಿ. ಬಟ್ಟೆ ಬದಲಿಸುವಾಗ ಎರಡು ತೊಡೆಗಳನ್ನು ಅಗಲಿಸುವುದೇ ಕಷ್ಟವಾಗುತ್ತಿತ್ತು. ನಾನು ಬಿಡಿಸಿದಷ್ಟೂ ಅವು ಸೇರಿಕೊಳ್ಳುತ್ತಿದ್ದವು. ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿದರೆ ಕಾಲುಗಳು ಕತ್ತರಿ ಹಾಕಿಕೊಂಡು ಬೆರಳ ತುದಿಯಲ್ಲಿ ನಿಲ್ಲುತ್ತಿದ್ದ. ಮುಂದಕ್ಕೆ ಹೋಗಬೇಕಾದರೆ ಮೊಣಕೈ ಊರಿ ಮೈಯನ್ನು ಎಳೆದುಕೊಳ್ಳುತ್ತಿದ್ದ, ಹಿಂದಿನ ಕಾಲುಗಳು ಸುಮ್ಮನೆ ಜೊತೆಗೆ ಬರುತ್ತಿದ್ದವು. ಕೂರಿಸಿದರೆ ಬೆನ್ನು ಗೂನಾಗುತ್ತಿತ್ತು. ಆಟದ ಸಾಮಾನಿಗೆ ಬಲಗೈ ಮಾತ್ರ ಚಾಚುತ್ತಿದ್ದ. ವರ್ಷದ ಆಸುಪಾಸಿನ ಮಕ್ಕಳು ಎರಡೂ ಕೈಗಳನ್ನು ಸರಿಸಮವಾಗಿ ಬಳಸಬೇಕು, ಅಷ್ಟು ಬೇಗ ಒಂದೇ ಕೈ ಮುಂದಾದರೆ ಇನ್ನೊಂದು ಕೈಯನ್ನು ತಜ್ಞರು ಪರೀಕ್ಷಿಸಬೇಕು ಎಂಬುದು ನನಗೆ ಆಮೇಲೆ ತಿಳಿಯಿತು.

ಮನೆಯಲ್ಲಿ ಯಾರಿಗೂ ಇದು ದೊಡ್ಡದಾಗಿ ಕಾಣಲಿಲ್ಲ. "ಅವರಪ್ಪನೂ ಎರಡು ವರ್ಷಕ್ಕೇ ಕಣಮ್ಮ ನಡೆದಿದ್ದು, ಗಂಡುಮಕ್ಕಳು ಕಾಲು ತಡ, ಮಾತು ತಡ" ಎಂದರು ಅತ್ತೆ. ಪ್ರೀತಿಯಿಂದಲೇ ಹೇಳಿದ ಮಾತು. ಅವರೇ ದಿನಾ ಬೆಳಿಗ್ಗೆ ಬೆಚ್ಚಗಿನ ಎಣ್ಣೆ ಹಚ್ಚಿ, ಕಾಲು ನೀವಿ, ಬಿಸಿನೀರು ಹಾಕುತ್ತಿದ್ದರು. ಮಾವ ಸಂತೆಯಿಂದ ಮೂರು ಚಕ್ರದ ಮರದ ಗಾಡಿ ತಂದರು, ನಾದಿನಿ ಪೇಟೆಯಿಂದ ವಾಕರ್ ಕಳಿಸಿದಳು. ನಮ್ಮ ಮನೆಯಲ್ಲಿ ಮಗು ಹೊಸ್ತಿಲು ದಾಟಿದ ದಿನ ಕೊಬ್ಬರಿ-ಬೆಲ್ಲದ ಕಡುಬು ಮಾಡಿ ಬೀದಿಗೆಲ್ಲ ಹಂಚುವ ರೂಢಿ. ನೆಂಟರು ಬಂದಾಗಲೆಲ್ಲ "ಕಡುಬು ಯಾವಾಗ?" ಎನ್ನುತ್ತಿದ್ದರು. ಆ ಪ್ರಶ್ನೆ ಕೇಳಿದರೆ ನಾನು ಒಳಮನೆಗೆ ಹೋಗಿಬಿಡುತ್ತಿದ್ದೆ.

ದಾರಿ ತೆರೆದದ್ದು ಅಂಗನವಾಡಿಯಲ್ಲಿ. ತಾಯಿ ಕಾರ್ಡಿನಲ್ಲಿ ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಎಂಬ ಚಿತ್ರಗಳಿರುವ ಪುಟಗಳಿವೆ. ಚುಚ್ಚುಮದ್ದಿನ ಪುಟ ಮಾತ್ರ ತೆಗೆಯುವುದು ನಮಗೆ ಅಭ್ಯಾಸ. ತೂಕ ನೋಡುವ ದಿನ ನಾನು ಆ ಚಿತ್ರಗಳ ಪುಟ ತೆಗೆದು ಟೀಚರಿಗೆ ತೋರಿಸಿದೆ. ಅವರು ಮಗುವನ್ನು ಎತ್ತಿಕೊಂಡು ಕಾಲು ಮುಟ್ಟಿ ನೋಡಿ, "ಮುಂದಿನ ವಾರ ಆರ್‌ಬಿಎಸ್‌ಕೆ ಟೀಮ್ ಬರುತ್ತೆ, ತಪ್ಪದೆ ಕರ್ಕೊಂಡ್ ಬನ್ನಿ" ಎಂದರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂದರೆ ಇದೇ. 2013ರಲ್ಲಿ ಶುರುವಾದ ಯೋಜನೆ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ. ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಹುಟ್ಟಿನ ದೋಷ, ಕಾಯಿಲೆ, ಪೌಷ್ಟಿಕಾಂಶದ ಕೊರತೆ ಇವುಗಳ ಜತೆಗೆ ಬೆಳವಣಿಗೆಯ ವಿಳಂಬವನ್ನೂ ನೋಡುವುದು ಅವರ ಕೆಲಸ. ತಂಡದ ವೈದ್ಯೆ ಹತ್ತು ನಿಮಿಷ ನೋಡಿ ರೆಫರಲ್ ಚೀಟಿ ಬರೆದರು. ಆ ಚೀಟಿ ಜಿಲ್ಲಾ ಆಸ್ಪತ್ರೆಯಲ್ಲಿರುವ ಡಿಇಐಸಿಗೆ. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಶುರುಮಾಡುವ ಕೇಂದ್ರವದು, ಅಲ್ಲಿ ತಪಾಸಣೆ ಉಚಿತ. ನಿಮ್ಮ ಮಗು ಅಂಗನವಾಡಿಗೆ ಹೋಗುವಷ್ಟು ದೊಡ್ಡದಾಗಿಲ್ಲದಿದ್ದರೂ ತಂಡ ಬರುವ ದಿನ ಎತ್ತಿಕೊಂಡು ಹೋಗಬಹುದು. ದಿನ ಯಾವುದೆಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ.

ನಮ್ಮ ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಎರಡು ಗಂಟೆಯ ಬಸ್ಸು. ಶಕ್ತಿ ಯೋಜನೆಯಿಂದ ನನಗೆ ಟಿಕೆಟ್ ಇಲ್ಲ, ಮಗನಿಗೂ ಇಲ್ಲ. ತಿಂಗಳುಗಟ್ಟಲೆ ಈ ಓಡಾಟ ನಿಲ್ಲದೆ ನಡೆದದ್ದು ಆ ಕಾರಣಕ್ಕೇ ಎಂದು ಬರೆಯಲೇಬೇಕು. ಬಸ್ ನಿಲ್ದಾಣದಿಂದ ಆಸ್ಪತ್ರೆಗೆ ಆಟೋ, ಮಧ್ಯಾಹ್ನದ ಊಟ, ಮಗನಿಗೆ ಹಾಲು, ಇಷ್ಟಕ್ಕೆ ಇನ್ನೂರೈವತ್ತು ಮುನ್ನೂರು ಆಗುತ್ತಿತ್ತು. ಯಜಮಾನರು ರಜೆ ಹಾಕಿ ಜೊತೆಗೆ ಬಂದ ದಿನ ಅವರ ದಿನಗೂಲಿಯೂ ಹೋಗುತ್ತಿತ್ತು.

ಮೊದಲ ಭೇಟಿಯಲ್ಲಿ ತಪಾಸಣೆಗೆ ಮುಂಚೆಯೇ ಒಂದು ತೊಡಕು. ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿಯಲ್ಲಿ ಮಗನ ಹೆಸರಿಲ್ಲ, "ಬೇಬಿ ಆಫ್" ಎಂದು ನನ್ನ ಹೆಸರಿದೆ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗವೇ ಖಾಲಿ. ಆಧಾರ್ ಇನ್ನೂ ಮಾಡಿಸಿರಲಿಲ್ಲ. ಎನ್‌ಐಸಿಯುನಲ್ಲಿದ್ದ ಮಗು ಇದೇ ಎನ್ನುವುದಕ್ಕೆ ಕಾಗದ ಹೊಂದಿಸುವಷ್ಟರಲ್ಲಿ ಹೊರರೋಗಿ ವಿಭಾಗದ ಹೊತ್ತು ಮುಗಿದಿತ್ತು. ಮಗ ಹಸಿದು ಅಳುತ್ತಿದ್ದ. ಮಾರನೆಯ ವಾರ ಬನ್ನಿ ಎಂದರು. ಜನನ ನೋಂದಣಿಯಲ್ಲಿ ಮಗುವಿನ ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ನೀಲಿ ಬಣ್ಣದ ಬಾಲ ಆಧಾರ್ ಬರುತ್ತದೆ, ಅದಕ್ಕೆ ಬೆರಳಚ್ಚು ಬೇಡ, ತಂದೆ ಅಥವಾ ತಾಯಿಯ ಆಧಾರ್ ಜೋಡಿಸುತ್ತಾರೆ. ಇವೆರಡನ್ನೂ ಹೆಸರಿಟ್ಟ ತಿಂಗಳಲ್ಲೇ ಮುಗಿಸಿಕೊಂಡರೆ ಮುಂದಿನ ಪ್ರತಿ ಕೌಂಟರಿನಲ್ಲೂ ನಿಮಗೆ ಪರದಾಟ ತಪ್ಪುತ್ತದೆ.

ತಪಾಸಣೆಯ ದಿನ ಮೊದಲು ತೂಕ, ಉದ್ದ, ತಲೆಯ ಸುತ್ತಳತೆ. ಆಮೇಲೆ ಪ್ರಶ್ನೆಗಳು. ಹುಟ್ಟಿದ ಕೂಡಲೇ ಅತ್ತನೇ, ಆಮ್ಲಜನಕ ಕೊಟ್ಟಿದ್ದರೇ, ಫಿಟ್ಸ್ ಬಂದಿತ್ತೇ, ಸಂಬಂಧದಲ್ಲಿ ಮದುವೆಯೇ, ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ. "ಸಂಬಂಧದಲ್ಲಾ?" ಎಂದು ಎಲ್ಲರೂ ಕೇಳುತ್ತಾರೆ, ಅದರಲ್ಲಿ ಆಕ್ಷೇಪಣೆ ಇಲ್ಲ, ಕಾರಣ ಹುಡುಕಲು ಬೇಕಾದ ಮಾಹಿತಿ ಅಷ್ಟೇ. ಅತ್ತೆ ಜೊತೆಗಿದ್ದರೆ ಕೆಲವು ಉತ್ತರ ಹೇಳಲು ಮುಜುಗರವಾಗಬಹುದು, ಅಂಥವನ್ನು ಮನೆಯಲ್ಲೇ ಬರೆದು ಒಯ್ಯಿರಿ.

ನಂತರ ಫಿಸಿಯೋಥೆರಪಿ ಮೇಡಂ ಚಾಪೆಯ ಮೇಲೆ ಮಗನ ಜತೆ ಕೂತರು. ನಾನು ಸೂಜಿ, ಯಂತ್ರ ಏನೇನೋ ಊಹಿಸಿಕೊಂಡಿದ್ದೆ. ಅಲ್ಲಿದ್ದದ್ದು ಗಿಲಕಿ, ಕೆಂಪು ಮರದ ಘನಗಳು, ಚೆಂಡು, ಪುಟ್ಟ ಶೀಷೆ, ಕ್ರೇಯಾನ್. ಬೆನ್ನ ಮೇಲೆ ಮಲಗಿಸಿ ಗಿಲಕಿ ಆಡಿಸಿ ಎರಡೂ ಕೈ ಮಧ್ಯಕ್ಕೆ ಬರುತ್ತವೆಯೇ ಎಂದು ನೋಡಿದರು. ಬೋರಲು ಹಾಕಿ ತಲೆ, ಎದೆ ಎಷ್ಟು ಎತ್ತುತ್ತಾನೆಂದು ನೋಡಿದರು. ಕೂರಿಸಿ ಮೆಲ್ಲಗೆ ಪಕ್ಕಕ್ಕೆ ತಳ್ಳಿದರು, ಕೈ ಊರಿ ತಡೆದುಕೊಳ್ಳುತ್ತಾನೆಯೇ ಎಂದು. ಎತ್ತಿ ಹಿಡಿದು ಮುಂದಕ್ಕೆ ಬಗ್ಗಿಸಿದಾಗ ಮಕ್ಕಳು ಬೀಳುತ್ತೇವೆಂದು ಎರಡೂ ಕೈ ಚಾಚುತ್ತಾರೆ. ನಮ್ಮವನ ಬಲಗೈ ಪೂರ್ತಿ ಚಾಚಿತು, ಎಡಗೈ ಅರ್ಧಕ್ಕೇ ನಿಂತಿತು. ತೊಡೆ ಅಗಲಿಸಿ, ಮಂಡಿ ಬಿಡಿಸಿ, ಪಾದ ಮೇಲಕ್ಕೆ ಬಗ್ಗಿಸಿ ಪ್ರತಿಯೊಂದರ ಕೋನ ಅಳೆದು ಬರೆದುಕೊಂಡರು. ಅವರು ಬಳಸಿದ್ದು ಹ್ಯಾಮರ್‌ಸ್ಮಿತ್ ಎನ್ನುವ ನರ ಪರೀಕ್ಷೆಯ ಹಾಳೆ. ಎರಡರಿಂದ 24 ತಿಂಗಳ ಮಕ್ಕಳಿಗೆ, 26 ಅಂಶ, ಒಟ್ಟು 78 ಅಂಕ. ನಮ್ಮವನಿಗೆ ಬಂದದ್ದು 60ರ ಆಸುಪಾಸು.

ಕೈಬೆರಳಿನ ಕೆಲಸ ನೋಡುವಾಗ ನನ್ನ ಚೀಲದಲ್ಲಿದ್ದ ಮಂಡಕ್ಕಿಯೇ ಉಪಯೋಗಕ್ಕೆ ಬಂತು. ಒಂದು ಕಾಳನ್ನು ನೆಲದ ಮೇಲಿಟ್ಟು ಹೇಗೆ ಎತ್ತುತ್ತಾನೆಂದು ಕಾದರು. ಹೆಬ್ಬೆರಳು, ತೋರುಬೆರಳಿನ ತುದಿ ಸೇರಿಸಿ ಚಿವುಟಿದಂತೆ ಎತ್ತಿದರೆ ಒಂದು ಹಂತ, ಇಡೀ ಅಂಗೈಯಿಂದ ಗೋರಿಕೊಂಡರೆ ಅದಕ್ಕಿಂತ ಹಿಂದಿನ ಹಂತ. ಬಲಗೈಯಲ್ಲಿ ಚಿವುಟಿ ಎತ್ತಿದ. ಎಡಗೈಯಲ್ಲಿ ಕೊಟ್ಟಾಗ ಗೋರಿದ, ಹೆಬ್ಬೆರಳು ಒಳಗೇ ಮಡಚಿಕೊಂಡಿತ್ತು. ಘನವನ್ನು ಡಬ್ಬಿಯೊಳಗೆ ಹಾಕು ಎಂದಾಗ ಹಾಕಿ ಎಲ್ಲರ ಮುಖ ನೋಡಿ ಚಪ್ಪಾಳೆ ತಟ್ಟಿದ. ಆ ಕ್ಷಣ ಮೇಡಂ ನನ್ನ ಕಡೆ ತಿರುಗಿ, "ಅಮ್ಮ, ಇದನ್ನೂ ನಾನು ಬರೆದುಕೊಂಡೆ. ಹೇಳಿದ್ದು ಅರ್ಥವಾಗಿದೆ, ಮಾಡಿ ಖುಷಿಪಟ್ಟ" ಎಂದರು. ಅಷ್ಟು ಹೊತ್ತು ಹಿಡಿದಿಟ್ಟಿದ್ದ ಅಳು ಆಗ ಬಂತು.

ಮಗು ಅಪರಿಚಿತ ಕೋಣೆಯಲ್ಲಿ ಮನೆಯಲ್ಲಿ ಮಾಡುವುದನ್ನೆಲ್ಲ ಮಾಡುವುದಿಲ್ಲ. ನಮ್ಮವನು ಅರ್ಧ ಸಮಯ ನನ್ನ ಸೆರಗು ಬಿಡಲಿಲ್ಲ. ನನ್ನ ಫೋನಿನಲ್ಲಿದ್ದ ವಿಡಿಯೋಗಳನ್ನು ಮೇಡಂ ಕೇಳಿ ಕೇಳಿ ನೋಡಿದರು. ಹೋಗುವ ಮುಂಚೆ ಒಂದು ವಾರ ವಿಡಿಯೋ ಮಾಡಿಟ್ಟುಕೊಳ್ಳಿ: ಮಲಗಿದವನು ಕೂರುವುದು, ತೆವಳುವುದು, ತಿನ್ನುವುದು, ಆಟದ ಸಾಮಾನು ಎತ್ತುವುದು, ಹಿಡಿದು ನಿಲ್ಲುವುದು. ಕಾಲು ಕಾಣುವಂತೆ, ಪ್ಯಾಂಟ್ ಇಲ್ಲದೆ, ನೆಲದ ಮಟ್ಟದಿಂದ ತೆಗೆಯಿರಿ. ನಿದ್ದೆ ಆಗಿ ಹೊಟ್ಟೆ ತುಂಬಿದ ಮೇಲಿನ ಹೊತ್ತಿಗೆ ಸರದಿ ಬರುವಂತೆ ನೋಡಿಕೊಳ್ಳಿ, ಮಗುವಿಗೆ ಪ್ರಿಯವಾದ ಒಂದು ಆಟಿಕೆ ಒಯ್ಯಿರಿ.

ಆವತ್ತು ಯಾರೂ ಕಾಯಿಲೆಯ ಹೆಸರು ಹೇಳಲಿಲ್ಲ. "ಚಲನ ಬೆಳವಣಿಗೆ ವಿಳಂಬ, ಕಾಲುಗಳಲ್ಲಿ ಬಿಗಿತ" ಎಂದಷ್ಟೇ ಬರೆದರು. ಹೆಸರು ಗೊತ್ತಾದ ಮೇಲೆ ಬರುತ್ತೇವೆ ಎಂದು ಯಜಮಾನರು ಎದ್ದು ನಿಂತರು. ಮೇಡಂ ಅವರನ್ನು ಕೂರಿಸಿದರು. "ಹೆಸರು ಯಾವಾಗ ಬೇಕಾದರೂ ಬರಲಿ ಸಾರ್. ಅವನ ತೊಡೆ ಬಿಗಿ ಇದೆ, ಸೊಂಟದ ಆಸರೆ ಕಡಿಮೆ, ಎಡಗೈ ಬಿಟ್ಟುಬಿಡ್ತಿದಾನೆ. ಇಷ್ಟು ಗೊತ್ತಾಯ್ತಲ್ಲ, ಇವತ್ತಿಂದಲೇ ಕೆಲಸ ಶುರು ಮಾಡೋಣ." ಈ ಇಡೀ ಅನುಭವದಲ್ಲಿ ನಾನು ಬೇರೆ ತಾಯಂದಿರಿಗೆ ಕೈ ಹಿಡಿದು ಹೇಳಬೇಕೆನಿಸುವ ಮಾತು ಇದೊಂದೇ. ಮಗು ಹೇಗೆ ಮಾಡುತ್ತಿದೆ ಎಂಬುದರಲ್ಲೇ ಮುಂದೇನು ಮಾಡಿಸಬೇಕೆಂಬುದು ಸಿಗುತ್ತದೆ. ಸ್ಕ್ಯಾನ್ ಆಗಲಿ, ರಿಪೋರ್ಟ್ ಬರಲಿ, ದೊಡ್ಡ ಆಸ್ಪತ್ರೆಯವರು ನೋಡಲಿ ಎಂದು ವ್ಯಾಯಾಮವನ್ನು ಮುಂದೂಡಬೇಡಿ. ಮೊದಲ ಎರಡು ವರ್ಷಗಳಲ್ಲಿ ಮಿದುಳು ಕಲಿಯುವ ವೇಗ ಆಮೇಲೆ ಅಷ್ಟಿರುವುದಿಲ್ಲ.

ಅದೇ ದಿನ ಕಲಿಸಿಕೊಟ್ಟದ್ದು ಕಷ್ಟದ್ದೇನಲ್ಲ. ಎತ್ತಿಕೊಳ್ಳುವಾಗ ಕಾಲು ಸೇರಿಸಿ ಎತ್ತದೆ ಸೊಂಟದ ಮೇಲೆ ಎರಡೂ ಕಡೆ ಕಾಲು ಬರುವಂತೆ ಕೂರಿಸಿಕೊಳ್ಳುವುದು. ಹಿಂದಕ್ಕೆ ಮಂಡಿ ಮಡಚಿ ಇಂಗ್ಲಿಷಿನ ಡಬ್ಲ್ಯೂ ಆಕಾರದಲ್ಲಿ ಕೂತರೆ ಬಿಡಿಸಿ ಚಕ್ಕಳಮಕ್ಕಳ ಹಾಕಿಸುವುದು. ಆಟಿಕೆಯನ್ನು ಎಡಕ್ಕೇ ಇಡುವುದು. ಸುತ್ತಿದ ಕಂಬಳಿಯ ಮೇಲೆ ಕುದುರೆ ಸವಾರಿಯಂತೆ ಕೂರಿಸಿ ಆಡಿಸುವುದು. ವಾಕರ್ ಬೇಡವೇ ಬೇಡ ಎಂದರು, ಅದರಲ್ಲಿ ಮಗು ಬೆರಳ ತುದಿಯಿಂದ ನೆಲ ಒದೆಯುವುದನ್ನೇ ಕಲಿಯುತ್ತದೆ, ಬೀಳುವ ಅಪಾಯವೂ ಇದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆಯಂತೆ. ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಮಾಡಿ ತೋರಿಸಿದೆ. ಅವರು ಏನೂ ಮಾತಾಡದೆ ವಾಕರನ್ನು ಅಟ್ಟಕ್ಕೆ ಹಾಕಿದರು. ಮಾರನೆಯ ಬೆಳಿಗ್ಗೆ ಎಣ್ಣೆ ಹಚ್ಚುವಾಗ ತೊಡೆ ಬಿಡಿಸುವ ವ್ಯಾಯಾಮ ಅವರೇ ಮಾಡಿಸಿದರು. ಇಂದಿಗೂ ನನಗಿಂತ ಚೆನ್ನಾಗಿ ಮಾಡಿಸುತ್ತಾರೆ.

ಕಣ್ಣು, ಕಿವಿ ಪರೀಕ್ಷೆ ಕಡ್ಡಾಯ. ಕಾಣದ ಮಗು ಆಟಿಕೆಗೆ ಕೈ ಚಾಚುವುದಿಲ್ಲ, ಕೇಳಿಸದ ಮಗು ಕರೆದರೆ ಬರುವುದಿಲ್ಲ, ಎರಡೂ ಚಲನೆಯ ತೊಂದರೆಯಂತೆಯೇ ಕಾಣಬಹುದು. ಕಿವಿಯ ಬೆರಾ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗದಂತೆ ಹಾಡು ಹೇಳಿಕೊಂಡು ಹೋಗಿದ್ದೆವು. ಎರಡೂ ಸರಿಯಿದೆ ಎಂದು ಬಂತು.

ಈ ನಡುವೆ ನೆಂಟರೊಬ್ಬರ ಮಾತು ಕೇಳಿ ಪಟ್ಟಣದ ಒಂದು ಖಾಸಗಿ ಥೆರಪಿ ಕೇಂದ್ರಕ್ಕೂ ಹೋದೆವು. ಮಗುವನ್ನು ಚಾಪೆಗೆ ಇಳಿಸುವ ಮೊದಲೇ ಮೂರು ತಿಂಗಳ ಪ್ಯಾಕೇಜಿನ ಹಾಳೆ ಮುಂದಿಟ್ಟರು, ನಲವತ್ತೈದು ಸಾವಿರ. ಯಾವ ಪರೀಕ್ಷೆ ಮಾಡುತ್ತೀರಿ, ವರದಿ ಬರೆದು ಕೊಡುತ್ತೀರಾ ಎಂದು ಕೇಳಿದರೆ ಸ್ಪಷ್ಟ ಉತ್ತರವಿಲ್ಲ. "ಈಗ ಸೇರಿಸದಿದ್ದರೆ ಆಮೇಲೆ ನಡೆಯುವುದೇ ಇಲ್ಲ" ಎಂದು ಹೆದರಿಸಿದರು. ಹೆದರಿದ ತಾಯಿಯ ಹತ್ತಿರ ಹೀಗೆ ವ್ಯಾಪಾರ ಮಾಡುವುದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ. ಖಾಸಗಿಯಲ್ಲೂ ಒಳ್ಳೆಯವರಿದ್ದಾರೆ. ನಮ್ಮ ತಾಲ್ಲೂಕಿನಲ್ಲೇ ಒಬ್ಬರು ಫಿಸಿಯೋಥೆರಪಿಸ್ಟ್ ಒಂದು ಸಲಕ್ಕೆ ನಾನೂರು ರೂಪಾಯಿಗೆ ಡಿಇಐಸಿಯ ಹಾಳೆ ನೋಡಿಯೇ ಮಾಡಿಸುತ್ತಾರೆ. ಹಣ ಕಟ್ಟುವ ಮುಂಚೆ ಲಿಖಿತ ವರದಿ ಕೇಳಿ, ಥೆರಪಿ ಮಾಡಿಸುವಾಗ ತಾಯಿಯನ್ನು ಒಳಗೆ ಬಿಡುತ್ತಾರೆಯೇ ಎಂದು ಕೇಳಿ. ವಾರಕ್ಕೆ ಎರಡು ಗಂಟೆ ಅಲ್ಲಿ ಮಾಡಿಸಿದ್ದನ್ನು ಉಳಿದ ದಿನ ಮನೆಯಲ್ಲಿ ಮಾಡಿಸುವವರು ನಾವೇ ತಾನೇ.

ಡಿಇಐಸಿಯವರು ವಿವರವಾದ ಮೌಲ್ಯಮಾಪನಕ್ಕೆ ಬೆಂಗಳೂರಿಗೆ ಬರೆದುಕೊಟ್ಟರು. ಬೆಂಚಿನಲ್ಲಿ ಕೂತ ತಾಯಂದಿರಿಗೆ ಈ ಊರುಗಳ ನಕ್ಷೆಯೇ ಬಾಯಿಪಾಠ: ನಿಮ್ಹಾನ್ಸ್, ಅದರ ಹತ್ತಿರವೇ ಇರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಮಾತು ಮತ್ತು ಕಿವಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ನಾವು ಹೋದ ಆಸ್ಪತ್ರೆಯಲ್ಲಿ ಮೌಲ್ಯಮಾಪನದ ದಿನಾಂಕ ಸಿಗಲು ಒಂದು ತಿಂಗಳಿಗೂ ಹೆಚ್ಚು ಕಾಯಬೇಕಾಯಿತು. ಕಾದ ಆ ತಿಂಗಳೂ ಮನೆಯ ವ್ಯಾಯಾಮ ನಿಲ್ಲಲಿಲ್ಲ, ಬೆಂಗಳೂರಿಗೆ ಹೊರಡುವಷ್ಟರಲ್ಲಿ ಅವನು ಕೈ ಬಿಟ್ಟು ನೆಟ್ಟಗೆ ಕೂರುತ್ತಿದ್ದ.

ಅಲ್ಲಿ ಮಾಡಿದ್ದು ಮಗುವಿನ ಬೆಳವಣಿಗೆ ಅಳೆಯುವ ಪರೀಕ್ಷೆ, ಡಿಎಎಸ್‌ಐಐ. ಬರೋಡಾದಲ್ಲಿ ನಮ್ಮ ದೇಶದ ಮಕ್ಕಳನ್ನೇ ನೋಡಿ ಸಿದ್ಧಪಡಿಸಿದ ಮಾನದಂಡ, 30 ತಿಂಗಳವರೆಗಿನ ಮಕ್ಕಳಿಗೆ. ಚಲನೆಗೆ 67 ಅಂಶ, ಬುದ್ಧಿ ಬೆಳವಣಿಗೆಗೆ 163. ಎಲ್ಲವನ್ನೂ ಕೇಳುವುದಿಲ್ಲ, ವಯಸ್ಸಿಗೆ ತಕ್ಕ ಜಾಗದಿಂದ ಶುರುಮಾಡಿ ಹಿಂದೆ ಮುಂದೆ ಹೋಗುತ್ತಾರೆ. ಮನಶ್ಶಾಸ್ತ್ರಜ್ಞೆ ಒಂದು ಪೆಟ್ಟಿಗೆಯಿಂದ ಒಂದೊಂದೇ ಸಾಮಾನು ತೆಗೆದು ಆಡಿಸುತ್ತ ಹೋದರು. ಮಧ್ಯದಲ್ಲಿ ಮಗ ನಿದ್ದೆ ಹೋದ, ಎದ್ದ ಮೇಲೆ ಮುಂದುವರಿಸಿದರು. ವರದಿಯಲ್ಲಿ ಬರುವ ಡಿಕ್ಯೂ ಎಂಬ ಅಂಕಿಯನ್ನು ನೋಡಿ ಗಾಬರಿಯಾಗಬೇಡಿ, ಅದರ ಲೆಕ್ಕ ಸರಳ. ನಮ್ಮ ಮಗನಿಗೆ ಆಗ ತಿದ್ದಿದ ವಯಸ್ಸು 15 ತಿಂಗಳು. ಚಲನೆಯಲ್ಲಿ ಅವನು ಒಂಬತ್ತೂವರೆ ತಿಂಗಳ ಮಗುವಿನಷ್ಟು ಮಾಡುತ್ತಿದ್ದ. ಒಂಬತ್ತೂವರೆಯನ್ನು 15ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 63. ಸಾಮಾನ್ಯವಾಗಿ 70ಕ್ಕಿಂತ ಕಡಿಮೆ ಬಂದರೆ ವಿಳಂಬ ಎನ್ನುತ್ತಾರೆ. ಬುದ್ಧಿ ಬೆಳವಣಿಗೆಯಲ್ಲಿ 93 ಬಂದಿತ್ತು. ಎರಡನ್ನೂ ಬೇರೆ ಬೇರೆ ನೋಡಬೇಕು, ಒಂದು ತಡವಾದರೆ ಇನ್ನೊಂದೂ ಹಾಗೇ ಎಂದು ತಿಳಿಯಬೇಕಿಲ್ಲ. ಮನೆಗೆ ಫೋನ್ ಮಾಡಿ ಮೊದಲು 93 ಎಂದೇ ಹೇಳಿದೆ.

ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಮತ್ತು ಸ್ನಾಯುವಿನ ಕಿಣ್ವವಾದ ಸಿಪಿಕೆ ನೋಡಿದರು. ಗಂಡುಮಗು ನಡೆಯಲು ತಡವಾದರೆ ಸ್ನಾಯು ಕ್ಷಯಿಸುವ ಕಾಯಿಲೆ ಇದೆಯೇ ಎಂದು ತಿಳಿಯಲು ಸಿಪಿಕೆ ಸುಳಿವು ಕೊಡುತ್ತದೆ. ತಿಂಗಳು ತುಂಬಿ ಹುಟ್ಟಿದ ಗಂಡುಮಗುವಿಗೆ ಕಾರಣವಿಲ್ಲದೆ ನಡಿಗೆ ತಡವಾಗಿದ್ದರೆ ಈ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ನಮ್ಮದು ಎರಡೂ ಸಹಜವಾಗಿತ್ತು.

ಎಂಆರ್‌ಐ ಎಲ್ಲಕ್ಕಿಂತ ಹೆಚ್ಚು ಹಣ್ಣು ಮಾಡಿತು. ಪುಟ್ಟ ಮಕ್ಕಳು ಅಲುಗದೆ ಮಲಗಲಾರರು, ಹಾಗಾಗಿ ನಿದ್ದೆ ಬರಿಸಬೇಕು, ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ನಮಗೆ ಹೇಳಿದ ಲೆಕ್ಕ: ಊಟ ಮತ್ತು ಹಸುವಿನ ಹಾಲು ಆರು ಗಂಟೆ ಮುಂಚೆ ನಿಲ್ಲಬೇಕು, ಎದೆಹಾಲು ನಾಲ್ಕು ಗಂಟೆ, ನೀರು ಎರಡು ಗಂಟೆ. ನಿಮಗೆ ಅರಿವಳಿಕೆ ವೈದ್ಯರು ಏನು ಹೇಳುತ್ತಾರೋ ಅದನ್ನೇ ಪಾಲಿಸಿ. ನಿಗದಿಯಾದ ದಿನ ಬೆಳಗಿನ ಜಾವದಿಂದ ಉಪವಾಸವಿದ್ದ ಮಗನನ್ನು ಒಳಗೆ ಕರೆದುಕೊಂಡು ಹೋದರೆ, ಮೂಗು ಸೋರುತ್ತಿದೆ, ಎದೆಯಲ್ಲಿ ಕಫದ ಸದ್ದಿದೆ, ನಿದ್ದೆ ಔಷಧಿ ಕೊಡುವಂತಿಲ್ಲ ಎಂದರು. ಅವರು ಮಾಡಿದ್ದು ಸರಿ. ನೆಗಡಿ ಇರುವ ಮಗುವಿಗೆ ಅದು ಅಪಾಯ. ಆದರೂ ಲಾಡ್ಜಿನ ಬಾಡಿಗೆ, ರೈಲಿನ ಖರ್ಚು, ಮಗನ ಹಸಿವು ಎಲ್ಲ ನೆನೆದು ಕಾರಿಡಾರಿನಲ್ಲೇ ಕೂತುಬಿಟ್ಟೆ. ಹೊರಡುವ ಹಿಂದಿನ ದಿನ ನೆಗಡಿ ಕಂಡರೆ ಫೋನ್ ಮಾಡಿ ಕೇಳಿಯೇ ಹೊರಡಿ. ಎರಡನೇ ದಿನಾಂಕಕ್ಕೆ ಮತ್ತೆ ಮೂರು ವಾರ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡ್ ತೋರಿಸಿದ್ದರಿಂದ ಕಟ್ಟಿದ್ದು ಕಡಿಮೆ. ಅದೇ ಸ್ಕ್ಯಾನಿಗೆ ಹೊರಗೆ ಅರಿವಳಿಕೆ ಸೇರಿ ಹತ್ತು ಸಾವಿರದ ಮೇಲೆ ಹೇಳಿದ್ದರು. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿದೆಯೇ ನೋಡಿಕೊಳ್ಳಿ. ನಮ್ಮದರಲ್ಲಿ ಇರಲಿಲ್ಲ, ಕೊನೆಗೆ ಬಾಲ ಆಧಾರ್ ತೋರಿಸಿ ಒಪ್ಪಿಸಬೇಕಾಯಿತು.

ವರದಿ ಬಂತು. ಮಿದುಳಿನ ನಡುವಿನ ಕುಹರಗಳ ಅಂಚಿನಲ್ಲಿ ಬಿಳಿ ಭಾಗಕ್ಕೆ ಹಾನಿಯಾದ ಗುರುತಿದೆ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಕಂಡುಬರುವಂಥದ್ದು, ಕಾಲಿಗೆ ಹೋಗುವ ನರತಂತುಗಳು ಅಲ್ಲೇ ಹಾದುಹೋಗುತ್ತವೆ ಎಂದು ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹೆಸರು ಸೆರೆಬ್ರಲ್ ಪಾಲ್ಸಿ, ಅದರಲ್ಲಿ ಕಾಲುಗಳಿಗೆ ಹೆಚ್ಚು ಬಿಗಿತ ಬರುವ ಡೈಪ್ಲೀಜಿಯಾ. ಈ ಹಾನಿ ಮುಂದೆ ಹೆಚ್ಚುತ್ತಾ ಹೋಗುವುದಿಲ್ಲ, ಆದರೆ ಬೆಳೆಯುವ ಮೈಯಲ್ಲಿ ಬಿಗಿತವನ್ನು ನೋಡಿಕೊಳ್ಳದಿದ್ದರೆ ಕೀಲುಗಳು ಸೆಟೆದುಕೊಳ್ಳುತ್ತವೆ ಎಂದರು. ನಡೆಯುತ್ತಾನಾ ಎಂದು ಯಜಮಾನರು ಕೇಳಿದರು. ಎರಡು ವರ್ಷದೊಳಗೆ ತಾನಾಗಿ ಕೂರುವ ಮಕ್ಕಳಲ್ಲಿ ಬಹಳಷ್ಟು ಜನ ಆಸರೆಯೊಂದಿಗೋ ಆಸರೆಯಿಲ್ಲದೆಯೋ ನಡೆಯುತ್ತಾರೆ, ಇವನು ಈಗಾಗಲೇ ಕೂರುತ್ತಿದ್ದಾನೆ ಎಂದರು. ಬಸ್ಸಿನಲ್ಲಿ ಬರುವಾಗ ಇಬ್ಬರೂ ಮಾತಾಡಲಿಲ್ಲ. ಯಜಮಾನರು ಮಗನ ಎಡಗೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳನ್ನು ಬಿಡಿಸಿ ಬಿಡಿಸಿ ನೀವುತ್ತಿದ್ದರು.

ಹೆಸರು ಬಂದಿದ್ದರಿಂದ ವ್ಯಾಯಾಮ ಬದಲಾಗಲಿಲ್ಲ. ಡಿಇಐಸಿಯ ಮೇಡಂ ವರದಿ ಓದಿ, "ನಾವು ಮಾಡ್ತಿರೋದೇ ಮಾಡೋಣ, ಜೊತೆಗೆ ಪಾದಕ್ಕೆ ಸ್ಪ್ಲಿಂಟ್ ಹಾಕಿಸೋಣ" ಎಂದರು. ಎಎಫ್‌ಒ ಎನ್ನುತ್ತಾರೆ, ಮಂಡಿಯ ಕೆಳಗಿನಿಂದ ಪಾದದವರೆಗೆ ಅಳತೆ ತೆಗೆದು ಮಾಡುವ ಪ್ಲಾಸ್ಟಿಕ್ ಆಸರೆ. ಜೋಡಿಗೆ ನಾಲ್ಕು ಸಾವಿರದ ಹತ್ತಿರ ಆಯಿತು. ಒಳಗೆ ತೆಳು ಹತ್ತಿ ಕಾಲುಚೀಲ ಹಾಕಲೇಬೇಕು, ತೆಗೆದ ಮೇಲೆ ಚರ್ಮದಲ್ಲಿ ಕೆಂಪು ಗುರುತು ಬೇಗ ಮಾಯವಾಗದಿದ್ದರೆ ಮತ್ತೆ ತೋರಿಸಿ ಸರಿಪಡಿಸಿಕೊಳ್ಳಬೇಕು. ಮೇಲೆ ಹಾಕುವ ಬೂಟು ಅವನ ಅಳತೆಗಿಂತ ದೊಡ್ಡದು ಬೇಕಾಯಿತು. ಮಗು ಬೆಳೆದಂತೆ ಸ್ಪ್ಲಿಂಟನ್ನೂ ಬದಲಿಸಬೇಕು, ಆ ಖರ್ಚು ಲೆಕ್ಕದಲ್ಲಿರಲಿ.

ಅಂಗವಿಕಲರ ಗುರುತಿನ ಚೀಟಿ ಮಾಡಿಸುವ ವಿಷಯ ಬಂದಾಗ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಇಷ್ಟು ಸಣ್ಣ ಮಗುವಿನ ಮೇಲೆ ಆ ಮುದ್ರೆ ಏಕೆ ಎಂದರು ಮಾವ. ನಾನು ಒಪ್ಪಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಇದೆ. ಹಕ್ಕಿನಿಂದ ಸಿಗುವುದನ್ನು ನಾಚಿಕೆಯಿಂದ ಬಿಡಬಾರದು. ಯುಡಿಐಡಿ ಎನ್ನುವ ಈ ಚೀಟಿಯ ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಹಾಕಬೇಕು. ಮಗುವಿನ ಫೋಟೋ, ಆಧಾರ್, ವಿಳಾಸದ ದಾಖಲೆ, ವೈದ್ಯಕೀಯ ವರದಿ ಸಿದ್ಧವಿರಲಿ. ಅರ್ಜಿ ಹಾಕಿದ ಮೇಲೆ ವೈದ್ಯರ ಮುಂದೆ ಮಗುವನ್ನು ಹಾಜರುಪಡಿಸಬೇಕು. ನಮಗೆ ವಯಸ್ಸು ಸಣ್ಣದೆಂದು ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟಿದ್ದಾರೆ, ಮುಂದೆ ಮತ್ತೆ ಪರೀಕ್ಷೆ ಇರುತ್ತದೆ. ಅದರ ಆಧಾರದಲ್ಲಿ ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಗೆ ಅರ್ಜಿ ಹಾಕಿದ್ದೇವೆ, ವರ್ಷಕ್ಕೆ ಒಂದು ಲಕ್ಷದವರೆಗೆ, ಥೆರಪಿಯ ಖರ್ಚಿಗೂ ಸಿಗುತ್ತದೆ. ಅದಕ್ಕಾಗಿ ಪ್ರತಿ ಥೆರಪಿಯ ರಸೀದಿಗೂ ದಿನಾಂಕ, ಸಹಿ, ಸೀಲು ಹಾಕಿಸಿಕೊಳ್ಳುತ್ತಿದ್ದೇನೆ. ತಾಲ್ಲೂಕಿನ ಫಿಸಿಯೋಥೆರಪಿಸ್ಟ್ ಹಳೆಯ ತಿಂಗಳುಗಳ ರಸೀದಿಯನ್ನೂ ಪುಸ್ತಕ ನೋಡಿ ಬರೆದುಕೊಟ್ಟರು.

ಮಗ ಈಗ ನಾಲ್ಕು ಕಾಲಿನಲ್ಲಿ ಅಂಬೆಗಾಲಿಡುತ್ತಾನೆ, ಎರಡು ಮಂಡಿಯೂ ಒಂದಾದ ಮೇಲೊಂದು ಮುಂದೆ ಬರುತ್ತವೆ. ಮಂಚದ ಅಂಚು ಹಿಡಿದು ಎದ್ದು ನಿಂತು, ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿಯುತ್ತಾನೆ. ಎಡಗೈಗೆ ಚಕ್ಕುಲಿ ಕೊಟ್ಟರೆ ಹಿಡಿದು ತಿನ್ನುತ್ತಾನೆ, ಮಂಡಕ್ಕಿ ಎತ್ತುವುದು ಇನ್ನೂ ಆಗಿಲ್ಲ. ಎರಡು ವರ್ಷ ತುಂಬಿದ ಮೇಲೆ ಮತ್ತೆ ಮೌಲ್ಯಮಾಪನ, ಜೊತೆಗೆ ಸೊಂಟದ ಎಕ್ಸ್‌ರೇ. ಬಿಗಿತ ಇರುವ ಮಕ್ಕಳಲ್ಲಿ ಸೊಂಟದ ಕೀಲು ಮೆಲ್ಲಗೆ ಜಾರಬಹುದು, ನೋವು ಕಾಣುವ ಮೊದಲೇ ಎಕ್ಸ್‌ರೇಯಲ್ಲಿ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಿಮ್ಮ ಮಗುವಿಗೂ ಇದೇ ಹೆಸರು ಬಂದಿದ್ದರೆ, ಯಾರೂ ಹೇಳದಿದ್ದರೂ ಆ ಎಕ್ಸ್‌ರೇ ಯಾವಾಗ ಎಂದು ನೀವಾಗಿಯೇ ಕೇಳಿ.